ಅರ್ಮೇನಿಯನ್ ಗಾಯಕರಲ್ಲಿ ಯಾರು ಇಷ್ಟ, ಯಾರು ಕಷ್ಟ: ನಿಮ್ಮದೇ ಪಟ್ಟಿ ಮಾಡ್ಕೊಳ್ಳೋದು ಹೇಗೆ

ಯಾರಾದ್ರೂ "ಅರ್ಮೇನಿಯನ್ ಸಿಂಗರ್ಸಲ್ಲಿ ನಿಂಗೆ ಯಾರು ಇಷ್ಟ, ಯಾರನ್ನ ಕಂಡ್ರೆ ಆಗಲ್ಲ" ಅಂತ ಕೇಳಿದ್ರೆ ಮುಂಚೆ ನಾನು ಯೋಚ್ನೆನೇ ಮಾಡ್ದೆ ಹೇಳಿಬಿಡ್ತಿದ್ದೆ, ಇಷ್ಟ ಅಂದ್ರೆ ಫ್ರಾನ್ಸಿನ ಷಾರ್ಲ್ ಅಜ್ನವೂರ್, ಕಷ್ಟ ಅಂದ್ರೆ ಆ ಕೀಬೋರ್ಡ್ ಇಟ್ಕೊಂಡು ಮದುವೆಮನೇಲಿ ಹಾಡೋರು ಎಲ್ಲಾ, ಮುಗೀತು. ಆಮೇಲೆ ಒಂದಿನ ಲೆಕ್ಕ ಹಾಕಿದ್ರೆ ಅಜ್ನವೂರ್ ಅವರದ್ದು ನಾನು ಕೇಳಿದ್ದು ಹತ್ತೇ ಹಾಡು, ಹತ್ತೂ ಫ್ರೆಂಚು ಇಲ್ಲಾ ಇಂಗ್ಲಿಷು. ಇನ್ನು ಆ ಮದುವೆಮನೆ ಹಾಡು ಒಂದನ್ನೂ ಕೊನೇವರೆಗೆ ಕೇಳಿರಲೇ ಇಲ್ಲ. ಅಂದ್ರೆ ಇಷ್ಟವೂ ಪುಕ್ಕಟೆ, ಕಷ್ಟವೂ ಪುಕ್ಕಟೆ. ಅದಾದ್ಮೇಲೆ ಮೂರ್ನಾಲ್ಕು ವರ್ಷ ಸುಮ್ನೆ ಕೂತು ಕೇಳಿ, ಪಟ್ಟಿ ಬರೆದು, ಹರಿದು ಹಾಕಿ, ಮತ್ತೆ ಬರೆದು ಒಂದು ದಾರಿ ಕಂಡ್ಕೊಂಡಿದೀನಿ, ಅದನ್ನೇ ಇಲ್ಲಿ ಹೇಳ್ತೀನಿ. ದಾರಿ ತುಂಬಾ ಸಿಂಪಲ್ಲು: ಗಾಯಕರನ್ನ ಹಿಡಿದು ಹೋಗಬೇಡಿ, ಒಂದು ಹಾಡು ಹಿಡ್ಕೊಳ್ಳಿ, ಅದೇ ಹಾಡನ್ನ ಮೂರ್ನಾಲ್ಕು ಜನದ ಗಂಟಲಲ್ಲಿ ಕೇಳಿ.

ಅದಕ್ಕೂ ಮುಂಚೆ ಒಂದು ತಲೆನೋವು ಬಗೆಹರಿಸ್ಕೋಬೇಕು, ಸರ್ಚ್ ಮಾಡೋದು. ಅರ್ಮೇನಿಯನ್ ಭಾಷೇಲಿ ಪೂರ್ವದ್ದು, ಪಶ್ಚಿಮದ್ದು ಅಂತ ಎರಡು ರೂಪ ಇದೆ. ಈಗಿನ ಅರ್ಮೇನಿಯಾ ದೇಶದಲ್ಲಿ, ಇರಾನಲ್ಲಿ ಆಡೋದು ಪೂರ್ವದ್ದು. ಒಟ್ಟೋಮನ್ ಸಾಮ್ರಾಜ್ಯದಿಂದ ಚೆದುರಿ ಬೈರೂತ್, ಅಲೆಪ್ಪೊ, ಪ್ಯಾರಿಸ್, ಅಮೆರಿಕಾ ಸೇರಿದೋರ ಮನೇಲಿ ಉಳಿದಿರೋದು ಪಶ್ಚಿಮದ್ದು. ಒಂದೇ ಅಕ್ಷರನ ಅವರು ಕ ಅಂದ್ರೆ ಇವರು ಗ ಅಂತಾರೆ, ತ ಅಂದ್ರೆ ದ, ಪ ಅಂದ್ರೆ ಬ. ಹಾಗಾಗಿ ಜನಪದ ಹಾಡು ಸಂಗ್ರಹಿಸಿದ ಕೊಮಿತಾಸ್ ಅಂದ್ರೂ ಗೊಮಿದಾಸ್ ಅಂದ್ರೂ ಒಬ್ಬರೇ ಮನುಷ್ಯ, ತಿಗ್ರಾನೇ ದಿಕ್ರಾನು, ಪೆತ್ರೋಸ್ಯಾನೇ ಬೆದ್ರೋಸಿಯಾನು, ಹಾಕೊಬ್ಯಾನೇ ಹಗೋಪಿಯಾನು. ನಾನು ಸುಮಾರು ಆರು ತಿಂಗಳು ಕೊಮಿತಾಸ್ ಬೇರೆ, ಗೊಮಿದಾಸ್ ಬೇರೆ ಅಂದ್ಕೊಂಡಿದ್ದೆ, ಒಬ್ಬರು ಇನ್ನೊಬ್ಬರನ್ನ ಕಾಪಿ ಹೊಡೆದಿದಾರೆ ಅಂತ ಬೈಕೊಂಡೂ ಇದ್ದೆ, ನಗಬೇಡಿ. ಸುಲಭದ ಉಪಾಯ ಅಂದ್ರೆ ವಿಕಿಪೀಡಿಯಾದಲ್ಲಿ ಆ ಗಾಯಕರ ಪುಟ ತೆಗೆದು, ಅಲ್ಲಿ ಅರ್ಮೇನಿಯನ್ ಲಿಪೀಲಿ ಬರೆದಿರೋ ಹೆಸರನ್ನ ಕಾಪಿ ಮಾಡಿ ಯೂಟ್ಯೂಬಲ್ಲಿ ಪೇಸ್ಟ್ ಮಾಡೋದು, ಇಂಗ್ಲಿಷ್ ಸ್ಪೆಲ್ಲಿಂಗಲ್ಲಿ ಸಿಗದ ಹಳೇ ರೇಡಿಯೋ ರೆಕಾರ್ಡಿಂಗು, ಟಿವಿ ಕಾರ್ಯಕ್ರಮ ಎಲ್ಲಾ ಆಗ ಮೇಲೆ ಬರುತ್ತೆ.

ಇನ್ನೊಂದು, ಯಾರನ್ನ ಅರ್ಮೇನಿಯನ್ ಗಾಯಕ ಅನ್ನೋದು ಅಂತ ಮೊದಲೇ ತೀರ್ಮಾನ ಮಾಡ್ಕೊಳ್ಳಿ. ದೇಶದೊಳಗೆ ಇರೋದು ಸುಮಾರು 30 ಲಕ್ಷ ಜನ, ಹೊರಗಡೆ ಅದಕ್ಕಿಂತ ಜಾಸ್ತಿ. ಅಮೆರಿಕಾದ ಷೇರ್ ಅವರ ಅಪ್ಪ ಅರ್ಮೇನಿಯನ್ನು, ಹುಟ್ಟುಹೆಸರಲ್ಲಿ ಸರ್ಕಿಸಿಯಾನ್ ಅಂತಾನೇ ಇದೆ. ಫ್ರಾನ್ಸಿನ ಸಿಲ್ವಿ ವರ್ತಾನ್ ಕೂಡ ಅಪ್ಪನ ಕಡೆಯಿಂದ ಹಾಗೇ. ಅರಾಮ್ ತಿಗ್ರಾನ್ ಸಿರಿಯಾದ ಕಮಿಶ್ಲಿಯಲ್ಲಿ ಹುಟ್ಟಿದ ಅರ್ಮೇನಿಯನ್ನು, ಆದ್ರೆ ಹೆಸರು ಮಾಡಿದ್ದು ಕುರ್ದಿಷ್ ಹಾಡಲ್ಲಿ, ಕುರ್ದರು ಅವರನ್ನ ತಮ್ಮೋರು ಅಂತಾನೇ ಹೇಳ್ತಾರೆ. ನನ್ನ ಲೆಕ್ಕ ಏನಂದ್ರೆ, ರಕ್ತ ನೋಡಲ್ಲ, ಆ ಹಾಡುಗಾರಿಕೇಲಿ ಅರ್ಮೇನಿಯನ್ ಭಾಷೆನೋ, ಧಾಟಿನೋ, ನೆನಪೋ ಏನಾದ್ರೂ ಒಂದು ಇರಬೇಕು. ಷೇರ್ ನನ್ನ ಪಟ್ಟೀಲಿ ಇಲ್ಲ, ಅರಾಮ್ ತಿಗ್ರಾನ್ ಇದಾರೆ. ನೀವು ಬೇರೆ ಗೆರೆ ಎಳ್ಕೊಳ್ಳಿ, ಆದ್ರೆ ಗೆರೆ ಎಳ್ಕೊಂಡೇ ಶುರು ಮಾಡಿ, ಇಲ್ಲಾಂದ್ರೆ ಪಟ್ಟಿ ಮಧ್ಯದಲ್ಲಿ ಎಲ್ಲಾ ಕಲಸುಮೇಲೋಗರ ಆಗುತ್ತೆ.

ಸರಿ, ಈಗ ಹಾಡು. ಕ್ರೂಂಕ್ ಅಂತ ಇದೆ, ಪಶ್ಚಿಮದೋರ ಬಾಯಲ್ಲಿ ಗ್ರೂಂಗ್. ಕ್ರೂಂಕ್ ಅಂದ್ರೆ ಕೊಕ್ಕರೆ ಥರ ಕಾಣೋ ಕ್ರೌಂಚ ಪಕ್ಷಿ. ಊರು ಬಿಟ್ಟು ದೂರ ಬಂದೋನೊಬ್ಬ ಹಾರ್ತಾ ಇರೋ ಕ್ರೌಂಚನ ನೋಡಿ, ನಮ್ಮ ಕಡೆಯಿಂದ ಏನಾದ್ರೂ ಸುದ್ದಿ ತಂದಿದೀಯಾ ಅಂತ ಕೇಳೋ ಹಾಡು, ಅಷ್ಟೇ, ಬೇರೆ ಕಥೆ ಇಲ್ಲ. ಇದನ್ನ ಜಬೆಲ್ ಪನೋಸಿಯಾನ್ ಅನ್ನೋರು 1917ರಲ್ಲಿ ಅಮೆರಿಕಾದಲ್ಲಿ ಕೊಲಂಬಿಯಾ ಕಂಪನಿಗೆ ಹಾಡಿದಾರೆ. ಒಟ್ಟೋಮನ್ ಊರಲ್ಲಿ ಹುಟ್ಟಿ ಹದಿಹರೆಯದಲ್ಲಿ ಅಮೆರಿಕಾಕ್ಕೆ ಹೋದೋರು. ಅವರು ಈ ಹಾಡು ಹಾಡೋ ಹೊತ್ತಿಗೆ ಒಟ್ಟೋಮನ್ ಸಾಮ್ರಾಜ್ಯದಲ್ಲಿ 1915ರ ಅರ್ಮೇನಿಯನ್ನರ ನರಮೇಧ ಶುರುವಾಗಿ ಎರಡೇ ವರ್ಷ, ಯಾರ ಮನೇಲಿ ಯಾರು ಉಳಿದಿದಾರೆ ಅಂತ ಗೊತ್ತಿಲ್ಲದ ಕಾಲ, ಅದನ್ನ ತಲೇಲಿ ಇಟ್ಕೊಂಡು ಕೇಳಿ. ಮೊದಲ ಸಲ ಬರೀ ಪರಪರ ಸದ್ದೇ ಕೇಳ್ಸುತ್ತೆ, ಹಳೇ 78 ಆರ್‌ಪಿಎಂ ಪ್ಲೇಟು ತಾನೇ. ಎರಡನೇ ಸಲಕ್ಕೆ ಕಿವಿ ಆ ಸದ್ದನ್ನ ಪಕ್ಕಕ್ಕೆ ಸರಿಸುತ್ತೆ. ಮೂರನೇ ಸಲಕ್ಕೆ ಆ ಮೇಲಿನ ಸ್ವರಕ್ಕೆ ಹತ್ತೋವಾಗ ಆಕೆ ಉಸಿರು ಎಲ್ಲಿ ತಗೊಳ್ತಾರೆ ಅಂತ ಗೊತ್ತಾಗುತ್ತೆ, ಅಲ್ಲಿಗೆ ನೀವು ಮುಗಿದ್ರಿ.

ಈಗ ಅದೇ ಹಾಡು ಲುಸಿನೆ ಜಕಾರ್ಯಾನ್ ಅವರದ್ದು ಹಾಕಿ. ಇವರು 1937ರಿಂದ 1992ರವರೆಗೆ ಬದುಕಿದ್ದೋರು, ಅರ್ಮೇನಿಯನ್ ಚರ್ಚಿನ ಕೇಂದ್ರವಾದ ಎಚ್ಮಿಯಾಡ್ಜಿನ್ ಊರಿನ ಮಹಾ ಚರ್ಚಿನಲ್ಲಿ ಹಾಡ್ತಿದ್ದ ಸೊಪ್ರಾನೊ, ಅಂದ್ರೆ ಹೆಣ್ಣು ಗಂಟಲಲ್ಲಿ ಅತಿ ಮೇಲಿನ ಸ್ವರದೋರು. ದೇವರಿಲ್ಲ ಅಂತ ಸರ್ಕಾರವೇ ಹೇಳ್ತಿದ್ದ ಸೋವಿಯತ್ ಕಾಲದಲ್ಲಿ ಶರಕಾನ್ ಅಂದ್ರೆ ಅರ್ಮೇನಿಯನ್ ಚರ್ಚಿನ ಸ್ತೋತ್ರಗಳನ್ನ ಹಾಡಿದೋರು. ಈಕೆ ಶಾರೀರದಲ್ಲಿ ಅಳು ಇಲ್ಲ ನೋಡಿ, ಕಲ್ಲಿನ ಕಟ್ಟಡದೊಳಗೆ ಬೆಳಕು ಬಿದ್ದ ಹಾಗೆ ಸ್ವರ ನೇರ ನಿಲ್ಲುತ್ತೆ, ಅಲುಗಾಟ ಕಮ್ಮಿ. ಪನೋಸಿಯಾನ್ ಅವರಲ್ಲಿ ಇದ್ದ ಮನೆ ಬಿಟ್ಟ ಸಂಕಟ ಇಲ್ಲಿ ಪ್ರಾರ್ಥನೆ ಆಗಿಬಿಟ್ಟಿದೆ. ಆಮೇಲೆ ಇಸಬೆಲ್ ಬೈರಕ್ದಾರಿಯಾನ್, ಲೆಬನಾನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಒಪೆರಾ ಗಾಯಕಿ, ಕೊಮಿತಾಸ್ ಹಾಡುಗಳದ್ದೇ ಒಂದು ಆಲ್ಬಂ 2008ರಲ್ಲಿ ಮಾಡಿದಾರೆ. ತಾಂತ್ರಿಕವಾಗಿ ಮೂರು ಜನದಲ್ಲಿ ಇವರೇ ಮುಂದೆ ಅಂತ ಯಾರಾದ್ರೂ ಹೇಳಿದ್ರೆ ನಾನು ಜಗಳ ಆಡಲ್ಲ, ಆದ್ರೆ ನಂಗೆ ಅಲ್ಲಿ ಆರ್ಕೆಸ್ಟ್ರಾ ಸ್ವಲ್ಪ ಜಾಸ್ತಿ ಆಯ್ತು, ಒಬ್ಬನೇ ನಿಂತು ಆಕಾಶ ನೋಡ್ತಿರೋನ ಹಿಂದೆ ಐವತ್ತು ಜನ ಪಿಟೀಲು ಹಿಡ್ಕೊಂಡು ನಿಂತಂಗೆ.

ಈ ಮೂರು ಕೇಳೋಕೆ ಅರ್ಧ ಗಂಟೆನೂ ಬೇಡ. ಆದ್ರೆ ಇದಾದ್ಮೇಲೆ ನಿಮಗೆ ನಿಮ್ಮ ಕಿವಿ ಯಾವ ಕಡೆ ವಾಲುತ್ತೆ ಅಂತ ಗೊತ್ತಾಗಿರುತ್ತೆ, ಸಂಕಟದ ಕಡೆಗಾ, ಸ್ವಚ್ಛ ಸ್ವರದ ಕಡೆಗಾ, ತಯಾರಿ ಇರೋ ಕಡೆಗಾ. ಒಂದು ನೋಟ್‌ಬುಕ್ಕಲ್ಲಿ ಹೆಸರಿನ ಮುಂದೆ ಇಷ್ಟ ಅಂತ ಮಾತ್ರ ಬರೀಬೇಡಿ, ಯಾವ ಸೆಕೆಂಡಲ್ಲಿ ಇಷ್ಟ ಆಯ್ತು ಅಂತ ಬರೀರಿ. ನಂದು ನೋಡಿದ್ರೆ ಪನೋಸಿಯಾನ್ ಮುಂದೆ ಬರೀ ಎರಡು ಟೈಮ್ ಇದೆ, ಎರಡೂ ಕಡೆ ಆಕೆ ಸ್ವರ ಬಿಡೋ ರೀತಿ. ಅಷ್ಟು ಸಾಕು ಪಟ್ಟೀಲಿ ಮೇಲೆ ಕೂರೋಕೆ.

ಕೊಮಿತಾಸ್ ಅಂತ ಪದೇ ಪದೇ ಬರ್ತಿದೆಯಲ್ಲ, ಅವರನ್ನ ಬಿಟ್ಟು ಈ ಪಟ್ಟಿ ಆಗೋದೇ ಇಲ್ಲ. 1869ರಲ್ಲಿ ಹುಟ್ಟಿ ಚಿಕ್ಕೋರಿದ್ದಾಗಲೇ ಅಪ್ಪ ಅಮ್ಮ ಇಬ್ಬರನ್ನೂ ಕಳ್ಕೊಂಡು, ಎಚ್ಮಿಯಾಡ್ಜಿನ್ ಮಠದ ಶಾಲೆ ಸೇರಿ, ಪಾದ್ರಿಯಾಗಿ, ಬರ್ಲಿನಲ್ಲಿ ಸಂಗೀತ ಓದಿ, ಹಳ್ಳಿ ಹಳ್ಳಿ ಸುತ್ತಿ ಸಾವಿರಾರು ಜನಪದ ಹಾಡು ಬರ್ಕೊಂಡೋರು. 1915ರ ಏಪ್ರಿಲ್ 24ರಂದು ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬೇರೆ ಅರ್ಮೇನಿಯನ್ ಲೇಖಕರು, ವಿದ್ವಾಂಸರ ಜೊತೆ ಅವರನ್ನೂ ಹಿಡಿದ್ರು. ಜೀವ ಉಳೀತು, ಮನಸ್ಸು ಉಳೀಲಿಲ್ಲ, ಕೊನೇ ಸುಮಾರು ಇಪ್ಪತ್ತು ವರ್ಷ ಆಸ್ಪತ್ರೇಲೇ ಕಳೆದು 1935ರಲ್ಲಿ ಪ್ಯಾರಿಸಲ್ಲಿ ತೀರ್ಕೊಂಡ್ರು. ಬರೀ ಸಂಗ್ರಹಕಾರ ಅಂದ್ಕೊಂಡಿದ್ದೆ ನಾನು, ಅವರೇ ಹಾಡಿರೋ ರೆಕಾರ್ಡಿಂಗ್ ಇದೆ ಅಂತ ಗೊತ್ತಾಗಿದ್ದು ತಡವಾಗಿ. 1912ರಲ್ಲಿ ಪ್ಯಾರಿಸಲ್ಲಿ ಅವರ ಶಿಷ್ಯ ಅರ್ಮೆನಾಕ್ ಷಾಮುರಾದಿಯಾನ್ ಹಾಡಿ, ಪಿಯಾನೋದಲ್ಲಿ ಗುರು ಕೂತಿರೋ ಪ್ಲೇಟುಗಳೂ ಇವೆ. ಟೆನರ್ ಅಂದ್ರೆ ಗಂಡಸರ ಮೇಲಿನ ಸ್ವರದ ಗಂಟಲು ಇಷ್ಟಪಡೋರು ಷಾಮುರಾದಿಯಾನ್ ಇಂದಾನೇ ಶುರು ಮಾಡಬಹುದು.

ಇಲ್ಲೊಂದು ಎಚ್ಚರಿಕೆ. ಇಷ್ಟು ದುಃಖದ ಚರಿತ್ರೆ ಓದಿಬಿಟ್ಟು ಆಮೇಲೆ ಹಾಡು ಕೇಳಿದ್ರೆ ಎಲ್ಲಾರೂ ಮಹಾನ್ ಗಾಯಕರ ಥರಾನೇ ಕೇಳ್ಸ್ತಾರೆ, ನಾವು ಮಾರ್ಕ್ಸ್ ಕೊಡೋದು ಹಾಡಿಗಲ್ಲ, ಕಥೆಗೆ. ಜೊತೆಗೆ ದುದುಕ್ ಅಂತ ಒಂದು ವಾದ್ಯ ಇದೆ, ಏಪ್ರಿಕಾಟ್ ಮರದ್ದು. ಅದನ್ನ ಊದಿದ್ರೆ ಸಾಕು ಯಾವ ಹಾಡಾದ್ರೂ ಕಣ್ಣಲ್ಲಿ ನೀರು. ಒಬ್ಬರು ರಾಗ ಊದ್ತಿದ್ರೆ ಇನ್ನೊಬ್ಬರು ಒಂದೇ ಸ್ವರ ಎಳೀತಾ ಕೂತಿರ್ತಾರೆ, ಅದಕ್ಕೆ ದಾಮ್ ಅಂತಾರೆ, ನಮ್ಮ ನಾಗಸ್ವರಕ್ಕೆ ಒತ್ತು ಇದ್ದಂಗೆ. ಜಿವಾನ್ ಗಾಸ್ಪಾರ್ಯಾನ್ ಊದಿದ್ದು ಕೇಳಿ ನೀವು ಅರ್ಮೇನಿಯನ್ ಸಂಗೀತಕ್ಕೆ ಬಂದಿದ್ರೆ ಅದೇನೂ ತಪ್ಪಲ್ಲ, ಸಿನಿಮಾ ಹಿನ್ನೆಲೆ ಸಂಗೀತದಿಂದ ಬಂದ ಎಷ್ಟೋ ಜನ ಹಾಗೇ ಬರೋದು, ಆದ್ರೆ ಗಾಯಕರ ಪಟ್ಟಿ ಮಾಡೋವಾಗ ದುದುಕ್ ಇರೋ ರೆಕಾರ್ಡಿಂಗನ್ನ ಸ್ವಲ್ಪ ದಿನ ಪಕ್ಕಕ್ಕೆ ಇಡಿ. ಗಂಟಲಿನ ಸಾಲ ದುದುಕ್ ತೀರಿಸ್ತಿದೆಯಾ ಅಂತ ಗೊತ್ತಾಗ್ಬೇಕಲ್ಲ.

ನಗೋ ಹಾಡೂ ಬೇಕು, ಹಾಗಾಗಿ ಎರಡನೇ ಹಾಡು ಪ್ರೀತಿದು ತಗೊಳ್ಳಿ. ಸಾರಿ ಸಿರೂನ್ ಯಾರ್, ಗುಸಾನ್ ಅಶೋತ್ ಅನ್ನೋ ಇಪ್ಪತ್ತನೇ ಶತಮಾನದ ಕವಿಗಾಯಕರದ್ದು. ಸಾರ್ ಅಂದ್ರೆ ಬೆಟ್ಟ, ಸಿರೂನ್ ಅಂದ್ರೆ ಚೆಂದ, ಯಾರ್ ಅಂದ್ರೆ ಪ್ರಿಯೆ. ನಂಗೆ ಮೊದಲ ಸಲ ಕೇಳಿದಾಗ ಯಾರೋ ಸಾರಿ ಕೇಳ್ಕೊಂಡು ಬಂದು ಯಾರ್ ಯಾರ್ ಅಂತ ವಿಚಾರಿಸ್ತಿದಾರೆ ಅನ್ನಿಸ್ತು, ಕನ್ನಡದ ಕಿವಿ ಏನ್ಮಾಡೋದು. ಇದನ್ನ ಹಾಡದೇ ಇರೋ ಅರ್ಮೇನಿಯನ್ ಗಾಯಕರೇ ಕಮ್ಮಿ, ಸೀದಾ ಜನಪದ ಶೈಲೀಲಿ, ರೆಸ್ಟೋರೆಂಟ್ ಬ್ಯಾಂಡಲ್ಲಿ, ಜಾಜಲ್ಲಿ ಎಲ್ಲಾ ಸಿಗುತ್ತೆ. ಜನಪದ ಶೈಲಿ ಅಂದ್ಮೇಲೆ ಹೊವ್ಹಾನ್ನೆಸ್ ಬದಾಲ್ಯಾನ್ ಮತ್ತೆ ಒಫೇಲಿಯಾ ಹಂಬರ್ಜುಮ್ಯಾನ್ ಈ ಇಬ್ಬರ ಹೆಸರು ಬರ್ಕೊಳ್ಳಿ. ಬದಾಲ್ಯಾನ್ ಇರಾನಿನ ಹಮದಾನಲ್ಲಿ ಹುಟ್ಟಿ ಅರ್ಮೇನಿಯಾದ ರಾಜಧಾನಿ ಯೆರೆವಾನಿಗೆ ಬಂದೋರು, ಗಂಟಲಲ್ಲಿ ಗಮಕ ನೀರು ಹರಿದಂಗೆ ಹರಿಯುತ್ತೆ. ಒಫೇಲಿಯಾ ಅವರನ್ನ ಸಯಾತ್-ನೋವಾ ಹಾಡಲ್ಲಿ ಕೇಳ್ಬೇಕು. ಸಯಾತ್-ನೋವಾ 18ನೇ ಶತಮಾನದ ಟಿಫ್ಲಿಸಿನ (ಈಗಿನ ಜಾರ್ಜಿಯಾದ ಟಿಬಿಲಿಸಿ) ಆಶುಗ್, ಅಂದ್ರೆ ತಾನೇ ಕಟ್ಟಿ ತಾನೇ ನುಡಿಸಿ ಹಾಡೋನು. ಅರ್ಮೇನಿಯನ್, ಜಾರ್ಜಿಯನ್, ಅಜೆರಿ ಮೂರರಲ್ಲೂ ಬರೆದೋನು, ದೊರೆಯ ಆಸ್ಥಾನದಲ್ಲಿದ್ದು ಆಮೇಲೆ ಪಾದ್ರಿಯಾದೋನು. ಅವನ ಮಾತು ಈಗಿನ ಅರ್ಮೇನಿಯನ್ನರಿಗೇ ಸಲೀಸಾಗಿ ಅರ್ಥ ಆಗಲ್ಲ, ಟಿಫ್ಲಿಸಿನ ಉಪಭಾಷೆ, ಹಾಗಾಗಿ ನಮಗೆ ಅರ್ಥ ಆಗಿಲ್ಲ ಅಂತ ನಾಚ್ಕೊಳ್ಳೋದು ಬೇಡ.

ಬದಾಲ್ಯಾನ್, ಒಫೇಲಿಯಾ ಅವರ ಕಾಲದ ಇನ್ನೊಬ್ಬರು ಗೊಹಾರ್ ಗಾಸ್ಪಾರ್ಯಾನ್, ಕೈರೋದಲ್ಲಿ 1924ರಲ್ಲಿ ಹುಟ್ಟಿ 1948ರಲ್ಲಿ ಸೋವಿಯತ್ ಅರ್ಮೇನಿಯಾಕ್ಕೆ ವಾಪಸ್ ಬಂದ ಸಾವಿರಾರು ಜನದಲ್ಲಿ ಒಬ್ಬರು. ಮೇಲಿನ ಸ್ವರದಲ್ಲಿ ಹಕ್ಕಿ ಥರ ಆಡ್ತಾರೆ, ಅವರ ಅಭಿಮಾನಿಗಳು ಕೋಗಿಲೆ ಅನ್ನೋದಕ್ಕೆ ಕಾರಣ ಇದೆ. ನಂಗೆ ಮಾತ್ರ ಎರಡು ಹಾಡು ಆದ್ಮೇಲೆ ಕಿವಿ ದಣಿಯುತ್ತೆ. ಇದು ಅವರ ಕೊರತೆ ಅಲ್ಲ, ನಂಗೆ ಕೊಲರಚೂರಾ, ಅಂದ್ರೆ ಮೇಲಿನ ಸ್ವರದಲ್ಲಿ ಹೀಗೆ ಆಟ ಆಡೋ ಶೈಲಿನೇ ಆಗಲ್ಲ, ಯಾವ ದೇಶದ್ದಾದ್ರೂ. ಇಂಥೋರಿಗೆ ಅಂತಾನೇ ನೋಟ್‌ಬುಕ್ಕಲ್ಲಿ ಮೂರನೇ ಕಾಲಂ ಮಾಡಿ, "ಒಳ್ಳೆ ಗಾಯಕಿ, ನಂಗಲ್ಲ" ಅಂತ. ಈ ಕಾಲಂ ಇಲ್ದೇ ಇರೋ ಪಟ್ಟಿ ಯಾವಾಗ್ಲೂ ಜಗಳದಲ್ಲೇ ಮುಗಿಯೋದು.

ಮಾತು ಮುಖ್ಯ ಆಗಿರೋ ಗಾಯಕರದ್ದು ಬೇರೆ ಕಷ್ಟ. ರುಬೆನ್ ಹಾಖ್‌ವೆರ್ದ್ಯಾನ್ ಅಂತ ಇದಾರೆ, 1950ರಲ್ಲಿ ಯೆರೆವಾನಲ್ಲಿ ಹುಟ್ಟಿದೋರು, ಕೈಲಿ ಗಿಟಾರು, ಒರಟು ಗಂಟಲು, ನಗರದ ಬೀದಿ, ಒಂಟಿತನ, ಹಳೇ ಪ್ರೀತಿ ಇದೇ ವಿಷಯ. ಮೊದಲ ಸಲ ಕೇಳಿದಾಗ "ಇದೇನಪ್ಪ ಪಕ್ಕದ್ಮನೆ ಅಂಕಲ್ ಹಾಡ್ದಂಗಿದೆ" ಅಂತ ಕೆಳಗಿನ ಪಟ್ಟಿಗೆ ತಳ್ಳಿದ್ದೆ. ಆಮೇಲೆ ಸಾಹಿತ್ಯದ ಅನುವಾದ ಮುಂದಿಟ್ಕೊಂಡು ಒಂದೊಂದು ಸಾಲು ನಿಲ್ಸಿ ನಿಲ್ಸಿ ಕೇಳಿದೆ ನೋಡಿ, ದಂಗಾಗಿ ಹೋದೆ, ನಮ್ಮ ಭಾವಗೀತೆನ ಅರ್ಥ ಗೊತ್ತಿಲ್ದೋನಿಗೆ ಕೇಳ್ಸಿ ಹೇಗಿದೆ ಅಂತ ಕೇಳಿದ್ರೆ ಅವನು ಏನು ಹೇಳ್ತಾನೆ ಹೇಳಿ. ಅರ್ತೂರ್ ಮೆಸ್ಚಿಯಾನ್, ಲಿಲಿತ್ ಪಿಪೋಯಾನ್ ಇಬ್ಬರೂ ಇದೇ ಸಾಲಿಗೆ ಬರೋರು. ತಮಾಷೆ ಅಂದ್ರೆ ಇಬ್ಬರೂ ಓದಿದ್ದು ಆರ್ಕಿಟೆಕ್ಚರು. ಮೆಸ್ಚಿಯಾನ್ ಸೋವಿಯತ್ ಕಾಲದಲ್ಲೇ ಅರಾಕ್ಯಾಲ್‌ನೆರ್ ಅಂತ ರಾಕ್ ಬ್ಯಾಂಡ್ ಕಟ್ಟಿದೋರು, ಹೆಸರಿನ ಅರ್ಥ ಅಪೊಸ್ತಲರು ಅಂತ, ಆ ಕಾಲದಲ್ಲಿ ಆ ಹೆಸರಿಡೋಕೂ ಧೈರ್ಯ ಬೇಕು. ಪಿಪೋಯಾನ್ ತುಂಬಾ ಮೆತ್ತಗೆ ಹಾಡ್ತಾರೆ, ರಾತ್ರಿ ಕೇಳಿ, ಹಗಲು ಹೊತ್ತು ಟ್ರಾಫಿಕ್ಕಲ್ಲಿ ಕೇಳಿ ಏನೂ ಅನ್ನಿಸ್ಲಿಲ್ಲ ಅನ್ನಬೇಡಿ. ಈ ಗುಂಪಿಗೆ ನಿಯಮ ಒಂದೇ: ಅನುವಾದ ಓದೋವರೆಗೆ ಇಷ್ಟ, ಕಷ್ಟ ಎರಡೂ ಬರೆಯೋ ಹಾಗಿಲ್ಲ.

ಈಗ ಆ ಮದುವೆಮನೆ ಹಾಡಿಗೆ ಬರೋಣ, ಇದೇ ನಿಜವಾದ ಪರೀಕ್ಷೆ. ರಬೀಜ್ ಅಂತ ಅದಕ್ಕೆ ಹೆಸರು. ರಷ್ಯನ್ನಲ್ಲಿ ಕಲಾ ಕಾರ್ಮಿಕರು ಅನ್ನೋ ಪದಗಳನ್ನ ಚಿಕ್ಕದು ಮಾಡಿ ಬಂದ ಹೆಸರು ಅಂತ ಹೇಳ್ತಾರೆ, ಮದುವೆಗೆ, ಸಾವಿಗೆ ಬಾರಿಸೋ ಸಂಗೀತಗಾರರ ಸಂಘದ್ದು. ಉದ್ದುದ್ದ ಎಳೆಯೋ ಗಮಕ, ಆರು-ಎಂಟರ ತಾಳ, ಕ್ಲಾರಿನೆಟ್, ಆಮೇಲೆ ಸಿಂಥಸೈಸರ್, ಅಮ್ಮ, ಅಣ್ಣ, ಗೆಳೆಯ, ಮೋಸ ಮಾಡಿದ ಹುಡುಗಿ, ಪರದೇಶ, ಇದೇ ವಸ್ತು. ಯೆರೆವಾನಿನ ಓದಿದ ಜನಕ್ಕೆ ಇದನ್ನ ಕಂಡ್ರೆ ಉರಿ, ತುರ್ಕಿ ಅರಬ್ಬಿ ಗಾಳಿ ಹೊಡೆದಿರೋ ಕೀಳು ಅಭಿರುಚಿ ಅಂತಾರೆ. ರಬೀಜ್ ಅನ್ನೋದು ಬೈಗುಳಾನೂ ಹೌದು, ಒಬ್ಬನ ಬಟ್ಟೆ, ಮಾತು, ಕಾರು ನೋಡಿ ರಬೀಜ್ ಅಂತಾರೆ. ಆದ್ರೆ ಟ್ಯಾಕ್ಸೀಲಿ, ಮದುವೇಲಿ, ಮಾಸ್ಕೋದಿಂದ ಲಾಸ್ ಏಂಜಲೀಸ್‌ವರೆಗೆ ಅರ್ಮೇನಿಯನ್ನರು ಸೇರಿದ ಕಡೆ ಓಡೋದು ಇದೇ.

ಇದರ ದೊಡ್ಡ ಹೆಸರು ಅರಾಮ್ ಅಸಾತ್ರ್ಯಾನ್, 1953ರಲ್ಲಿ ಎಚ್ಮಿಯಾಡ್ಜಿನಲ್ಲಿ ಹುಟ್ಟಿ 2006ರಲ್ಲಿ ತೀರ್ಕೊಂಡೋರು. ನೋಡಿ, ಒಂದೇ ಊರು, ಅಲ್ಲೇ ಲುಸಿನೆ ಜಕಾರ್ಯಾನ್ ಅವರ ಸ್ತೋತ್ರ, ಅಲ್ಲೇ ಇವರ ರಬೀಜು. ನಾನು ಅಸಾತ್ರ್ಯಾನ್ ಅವರನ್ನ "ಆಗಲ್ಲ" ಪಟ್ಟೀಲಿ ಮೊದಲನೇ ಹೆಸರಾಗಿ ಇಟ್ಟಿದ್ದೆ, ಕಾರಣದ ಜಾಗದಲ್ಲಿ "ಚೀಪ್ ಕೀಬೋರ್ಡ್" ಅಂತ ಬರೆದಿದ್ದೆ. ಆಮೇಲೆ ನನ್ನ ನಿಯಮ ನಂಗೇ ತಿರುಗಿ ಹೊಡೀತು, ಯಾಕಂದ್ರೆ ಕೀಬೋರ್ಡ್ ಗಾಯಕನ ತಪ್ಪಲ್ಲ, ಆ ಕಾಲದ ಸ್ಟುಡಿಯೋದ್ದು. ಕೀಬೋರ್ಡ್ ಬಿಟ್ಟು ಗಂಟಲು ಮಾತ್ರ ಕೇಳ್ಬೇಕು ಅಂತ ಮದುವೆ, ಪಾರ್ಟಿಗಳ ಲೈವ್ ವಿಡಿಯೋ ಹುಡುಕಿದೆ. ಮನುಷ್ಯ ಹಾಡ್ತಾನೆ ಕಣ್ರೀ! ಶ್ರುತಿ ಕಚ್ಚಿ ಹಿಡಿದಿರುತ್ತೆ, ಎದುರಿಗೆ ಕೂತೋನು ಅಳ್ತಿರ್ತಾನೆ, ಪಕ್ಕದೋನು ಕುಣೀತಿರ್ತಾನೆ, ಇಬ್ಬರಿಗೂ ಒಂದೇ ಹಾಡು. ನಂಗೆ ಆಗದೇ ಇದ್ದಿದ್ದು ಸಂಗೀತ ಅಲ್ಲ, ಅದನ್ನ ಕೇಳೋ ಜನದ ಬಗ್ಗೆ ನಾನು ಓದ್ಕೊಂಡಿದ್ದ ಬೇರೆಯೋರ ತಾತ್ಸಾರ. ಇಷ್ಟದ ಪಟ್ಟಿಗೆ ಏರಿಸಿಲ್ಲ, ಹತ್ತು ಹಾಡು ಒಟ್ಟಿಗೆ ಕೇಳೋಕೆ ಈಗ್ಲೂ ಆಗಲ್ಲ, ಆದ್ರೆ ಕೆಳಗಿನ ಪಟ್ಟಿಯಿಂದ ಹೊಡೆದು ಹಾಕಿದೀನಿ.

ರಬೀಜಿನ ಪಕ್ಕದಲ್ಲೇ ಹರೂತ್ ಪಂಬುಕ್ಚಿಯಾನ್ ಅವರನ್ನ ಇಟ್ಟು ಕೇಳಿ ವ್ಯತ್ಯಾಸ ನೋಡಿ. ಎಡಗೈಯೋನು ಅನ್ನೋ ಅರ್ಥದಲ್ಲಿ ಜಾಖ್ ಹರೂತ್ ಅಂತಾರೆ. ಯೆರೆವಾನಲ್ಲಿ ಹುಟ್ಟಿ 1970ರ ದಶಕದಲ್ಲಿ ಅಮೆರಿಕಾಕ್ಕೆ ಹೋಗಿ ಲಾಸ್ ಏಂಜಲೀಸಲ್ಲಿ ನೆಲೆಯಾದೋರು. ಕುಣಿಯೋ ಹಾಡು, ಆದ್ರೆ ಗಂಟಲು ಸೀದಾ, ಅಲಂಕಾರ ಕಮ್ಮಿ, ಬೂಜುಕಿ ಅನ್ನೋ ತಂತಿವಾದ್ಯದ ಸದ್ದು. ಬೈರೂತ್ ಕಡೆ ಅದಿಸ್ ಹರ್ಮಂಡಿಯಾನ್ ಇದ್ರು, 2019ರಲ್ಲಿ ಹೋದ್ರು. ಹೊರದೇಶದ ಅರ್ಮೇನಿಯನ್ ಮದುವೆಗಳಲ್ಲಿ ತುರ್ಕಿ ಹಾಡೇ ಜಾಸ್ತಿ ಇದ್ದ ಕಾಲದಲ್ಲಿ ಪಶ್ಚಿಮ ಅರ್ಮೇನಿಯನ್ ಭಾಷೇಲೇ ಪಾಪ್ ಹಾಡು ಹಾಡಿ ಒಂದಿಡೀ ಪೀಳಿಗೆಗೆ ಇಷ್ಟ ಆದೋರು. ನಿಜ ಹೇಳ್ಬೇಕಂದ್ರೆ ನಂಗೆ ಅವರು ತೀರಾ ಸಿಹಿ, ಹಳೇ ರೊಮ್ಯಾಂಟಿಕ್ ಹಾಡಿನ ಎಸೆನ್ಸ್ ಕುಡಿದಂಗೆ. ಮೂರನೇ ಕಾಲಂ.

ಅಜ್ನವೂರ್ ಅವರದ್ದು ಏನಾಯ್ತು ಅಂತ ಕೇಳ್ತೀರಾ. 1924ರಲ್ಲಿ ಪ್ಯಾರಿಸಲ್ಲಿ ಹುಟ್ಟಿ 2018ರ ಅಕ್ಟೋಬರ್ 1ಕ್ಕೆ ಹೋದ್ರು, 94 ವರ್ಷ, ಕೊನೇವರೆಗೂ ವೇದಿಕೆ ಬಿಡಲಿಲ್ಲ. 1988ರ ಡಿಸೆಂಬರ್ 7ಕ್ಕೆ ಸ್ಪಿತಾಕ್ ಭೂಕಂಪ ಆಗಿ ಸುಮಾರು 25,000 ಜನ ಸತ್ತಾಗ ಫ್ರಾನ್ಸಿನ ಗಾಯಕರನ್ನೆಲ್ಲಾ ಸೇರಿಸಿ 1989ರಲ್ಲಿ ಅರ್ಮೇನಿಯಾಕ್ಕಾಗಿ ಹಾಡು ಮಾಡಿಸಿದ್ರು. ಆಮೇಲೆ ಅರ್ಮೇನಿಯಾದ ಪೌರತ್ವ ಸಿಕ್ತು, ಸ್ವಿಟ್ಜರ್ಲೆಂಡಿಗೆ ಅರ್ಮೇನಿಯಾದ ರಾಯಭಾರಿನೂ ಆದ್ರು. ದೊಡ್ಡ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ 1989ರ ಹಾಡು ಗುಂಪಿನ ಹಾಡು, ಉದ್ದೇಶ ದೊಡ್ಡದು, ಗಾಯಕನ್ನ ಅಳೆಯೋಕೆ ಅದು ಸರಿಯಾದ ಅಳತೆಗೋಲಲ್ಲ. 1975ರಲ್ಲಿ ನರಮೇಧದ ಬಗ್ಗೆ ಹಾಡಿದ ಫ್ರೆಂಚ್ ಹಾಡು ಕೇಳಿ, ಇಲ್ ಸೋಂ ತೊಂಬೆ, ಅಲ್ಲಿ ಅವರು ಅಳಲ್ಲ, ಕೂಗಲ್ಲ, ಸಾಕ್ಷಿ ಹೇಳೋನ ಥರ ಹೇಳ್ತಾ ಹೋಗ್ತಾರೆ. ಆ ಒಂದು ಹಾಡಿಂದಾನೇ ಅವರು ನನ್ನ ಅರ್ಮೇನಿಯನ್ ಪಟ್ಟೀಲಿ ಉಳ್ಕೊಂಡಿರೋದು.

ಯೂರೋವಿಷನ್, ಅಂದ್ರೆ ಯೂರೋಪಿನ ದೇಶಗಳ ವಾರ್ಷಿಕ ಹಾಡಿನ ಸ್ಪರ್ಧೆ ಬಗ್ಗೆ ಜಾಸ್ತಿ ಎಳೆಯಲ್ಲ. ಅರ್ಮೇನಿಯಾ 2006ರಲ್ಲಿ ಆಂದ್ರೆ ಅವರಿಂದ ಶುರು ಮಾಡ್ತು, ಎಂಟನೇ ಸ್ಥಾನ. 2008ರಲ್ಲಿ ಸಿರೂಷೋ, 2014ರಲ್ಲಿ ಅರಾಮ್ ಎಂಪಿ ತ್ರೀ, ಇಬ್ಬರೂ ನಾಲ್ಕನೇ ಸ್ಥಾನ, ಇವತ್ತಿಗೂ ಅದೇ ಅತಿ ಮೇಲಿನದ್ದು. ಇಲ್ಲಿ ಕೇಳೋ ರೀತಿ ಬೇರೆ, ಮೂರು ನಿಮಿಷದಲ್ಲಿ ಹೊಗೆ, ಬೆಂಕಿ, ಡ್ಯಾನ್ಸು ಎಲ್ಲಾ ಇರುತ್ತೆ, ಹಾಗಾಗಿ ವಿಡಿಯೋ ಮುಚ್ಚಿಟ್ಟು ಕೇಳಿ. ಸಿರೂಷೋ ಅವರ ಕೆಲೆ ಕೆಲೆ ಮುಚ್ಚಿಟ್ಟು ಕೇಳಿದ್ರೂ ನಿಲ್ಲುತ್ತೆ, ಗಂಟಲಲ್ಲಿ ಹಳ್ಳಿ ಇದೆ. ಅಂದಹಾಗೆ ಕೊಮಿತಾಸ್ ಸಂಗ್ರಹದಲ್ಲೂ ಕೆಲೆ ಕೆಲೆ ಅಂತ ಒಂದಿದೆ, ಅದು ಪೂರ್ತಿ ಬೇರೆ ಹಾಡು, ಸರ್ಚಲ್ಲಿ ಒಂದಕ್ಕೊಂದು ಮಿಕ್ಸ್ ಆಗಿ ಬಂದ್ರೆ ಗಾಬರಿ ಬೇಡ. ಎಮ್ಮಿ ಅವರ 2011ರ ಬೂಮ್ ಬೂಮ್ ಮಾತ್ರ ನನ್ನ ಕೆಳಗಿನ ಪಟ್ಟೀಲಿ ಗಟ್ಟಿಯಾಗಿ ಕೂತಿದೆ. ಕಾರಣ, ಅಲ್ಲಿ ಹಾಡೋಕೇ ಏನೂ ಕೊಟ್ಟಿಲ್ಲ, ಆ ವರ್ಷ ಅರ್ಮೇನಿಯಾ ಮೊದಲ ಸಲ ಫೈನಲ್ ತಲುಪಲಿಲ್ಲ. 2015ರ ಜೀನಿಯಾಲಜಿ ಅಂತೂ ಬೇಜಾರು ತರಿಸುತ್ತೆ. ಅರ್ಮೇನಿಯಾದಿಂದ ಒಬ್ಬರು, ಐದು ಖಂಡಗಳಿಂದ ಐದು ಅರ್ಮೇನಿಯನ್ ಮೂಲದೋರು, ನರಮೇಧದ ನೂರನೇ ವರ್ಷ, ಐಡಿಯಾ ಕೇಳಿದ್ರೇ ಮೈ ಜುಮ್ಮನ್ನುತ್ತೆ. ಹಾಡಲ್ಲಿ ಆರು ಜನಕ್ಕೂ ಅರ್ಧರ್ಧ ನಿಮಿಷ ಸಿಗುತ್ತೆ, ಎಲ್ಲಾರೂ ಇರೋ ಶಕ್ತಿನೆಲ್ಲಾ ಅಲ್ಲೇ ಹಾಕ್ತಾರೆ, ಕೊನೆಗೆ ಯಾರ ಗಂಟಲೂ ನೆನಪಲ್ಲಿ ಉಳಿಯಲ್ಲ. 16ನೇ ಸ್ಥಾನ.

ರಾಕ್ ಕೇಳೋರಿಗೆ ಅಮೆರಿಕಾದ ಬ್ಯಾಂಡ್ ಸಿಸ್ಟಮ್ ಆಫ್ ಎ ಡೌನ್ ಗೊತ್ತೇ ಇರುತ್ತೆ, ನಾಲ್ಕೂ ಜನ ಅರ್ಮೇನಿಯನ್ ಮೂಲದೋರು, ಅದರ ಗಾಯಕ ಸೆರ್ಜ್ ಟಾಂಕಿಯಾನ್ ಹುಟ್ಟಿದ್ದು ಬೈರೂತಲ್ಲಿ. 2001ರ ಟಾಕ್ಸಿಸಿಟಿ ಆಲ್ಬಮ್ಮಿನ ಕೊನೇಲಿ ಒಂದು ಬಚ್ಚಿಟ್ಟ ತುಣುಕಿದೆ, ಅರ್ತೋ ತುಂಚ್‌ಬೊಯಾಜಿಯಾನ್ ಜೊತೆ ಮಾಡಿದ್ದು, ಅದು ಚರ್ಚಿನ ಹಳೇ ಸ್ತೋತ್ರ. ಅದನ್ನೂ ಲುಸಿನೆ ಅವರ ಶರಕಾನನ್ನೂ ಬೆನ್ನಿಗೆ ಬೆನ್ನು ಹಾಕಿ ಕೇಳಿ, ಸೆರ್ಜ್ ಕಿರುಚೋದು ಬಿಟ್ಟು ಹಾಡೋವಾಗ ಆ ಎಳೆತ ಎಲ್ಲಿಂದ ಬಂತು ಅಂತ ಆಗ ಹೊಳೆಯುತ್ತೆ. 2015ರ ಏಪ್ರಿಲ್ 23ಕ್ಕೆ ಯೆರೆವಾನಿನ ರಿಪಬ್ಲಿಕ್ ಚೌಕದಲ್ಲಿ ಇವರು ಪುಕ್ಕಟೆ ಹಾಡಿದ ವಿಡಿಯೋನೂ ಇದೆ, ಒಬ್ಬ ಗಾಯಕನ್ನ ಅವನ ಜನ ಹೇಗೆ ಕೇಳ್ತಾರೆ ಅಂತ ನೋಡೋಕಾದ್ರೂ ಅದನ್ನ ನೋಡಿ.

ಹೊಸಬರಲ್ಲಿ ಲಾದಾನಿವಾ, ಜಾಕ್ಲಿನ್ ಬಾಗ್ದಸಾರ್ಯಾನ್ ಅವರ ಗಂಟಲು, ಫ್ರಾನ್ಸಿನ ಲಿಲ್ಲಲ್ಲಿ ಕಟ್ಟಿದ ಜೋಡಿ, 2024ರ ಯೂರೋವಿಷನಲ್ಲಿ ಎಂಟನೇ ಸ್ಥಾನ. ನಂಗೆ ಈಚೆಗೆ ಅತಿ ಖುಷಿ ಕೊಟ್ಟಿದ್ದು ಇವರೇ, ಜನಪದನ ಮ್ಯೂಸಿಯಂ ವಸ್ತು ಮಾಡ್ದೆ ಬೀದಿಗೆ ತಂದು ಕುಣಿಸ್ತಾರೆ. ರೋಸಾ ಲಿನ್ ಅವರ ಸ್ನ್ಯಾಪ್ 2022ರಲ್ಲಿ ಅಲ್ಲಿ 20ನೇ ಸ್ಥಾನಕ್ಕೆ ಬಿದ್ದು, ಆಮೇಲೆ ಟಿಕ್‌ಟಾಕಲ್ಲಿ ಲೋಕವೆಲ್ಲಾ ಓಡಾಡ್ತು, ಚೆನ್ನಾಗಿದೆ, ಆದ್ರೆ ನನ್ನ ಗೆರೆ ಪ್ರಕಾರ ಅರ್ಮೇನಿಯನ್ ಹಾಡುಗಾರಿಕೆ ಅಲ್ಲಿ ಎಲ್ಲಿದೆ ಅಂತ ಇನ್ನೂ ಹುಡುಕ್ತಿದೀನಿ.

ಕಷ್ಟದ ಪಟ್ಟಿ ಬಗ್ಗೆ ಇನ್ನೆರಡು ಮಾತು ಉಳೀತು. ಒಬ್ಬರನ್ನ ಅಲ್ಲಿಗೆ ಹಾಕೋ ಮುಂಚೆ ಕಡೇಪಕ್ಷ ಮೂರು ಹಾಡು ಪೂರ್ತಿ ಕೇಳಿ, ಅದರಲ್ಲಿ ಒಂದು ಲೈವ್ ಇರಲಿ. ಕಾರಣ ಒಂದು ಸಾಲಲ್ಲಿ ಬರೀರಿ. ಬರೆದ ಕಾರಣ ಅರೇಂಜರಿಗೋ, ರೆಕಾರ್ಡಿಂಗಿಗೋ, ಗಾಯಕಿಯ ಗಂಡನಿಗೋ, ರಾಜಕೀಯಕ್ಕೋ ಅಂಟೋದಾದ್ರೆ ಹೊಡೆದು ಹಾಕಿ, ಗಂಟಲಿಗೆ, ಉಸಿರಿಗೆ, ಹಾಡಿನ ಆಯ್ಕೆಗೆ ಅಂಟೋದು ಮಾತ್ರ ಉಳ್ಸ್ಕೊಳ್ಳಿ. ನಂದು ಹೀಗೆ ಸೋಸಿದ್ಮೇಲೆ ಇಪ್ಪತ್ತಮೂರು ಹೆಸರಿಂದ ನಾಲ್ಕಕ್ಕೆ ಇಳೀತು.

ಅರ್ಮೇನಿಯನ್ ಸ್ನೇಹಿತರಿದ್ರೆ ಅವರನ್ನೂ ಕೇಳಿ, ಆದ್ರೆ "ನಿಮ್ಮ ಬೆಸ್ಟ್ ಸಿಂಗರ್ ಯಾರು" ಅಂತ ಕೇಳಬೇಡಿ, ಕೇಳಿದ್ರೆ ಕೊಮಿತಾಸ್, ಅಜ್ನವೂರ್ ಅಂತ ರಾಯಭಾರಿ ಕಚೇರಿ ಉತ್ತರ ಬರುತ್ತೆ. ನಿಮ್ಮಪ್ಪ ಕಾರಲ್ಲಿ ಯಾವ ಕ್ಯಾಸೆಟ್ ಹಾಕ್ತಿದ್ರು ಅಂತ ಕೇಳಿ. ನನ್ನ ಜೊತೆ ಕೆಲಸ ಮಾಡ್ತಿದ್ದ ಒಬ್ಬಳು ರಬೀಜ್ ಅಂದ್ರೆ ಮೂಗು ಮುರೀತಿದ್ದೋಳು, ಈ ಪ್ರಶ್ನೆ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ನಿದ್ದು ಅಸಾತ್ರ್ಯಾನ್ ಅಂದ್ಲು, ಅಂದಿದ್ದೇ ಎರಡು ಸಾಲು ಗುನುಗಿದ್ಲು ಕೂಡ. ಸಾರಿ ಗೆಲಿನ್ ಅನ್ನೋ ಹಾಡು ಯಾರದ್ದು ಅಂತ ಮಾತ್ರ ಕೇಳಬೇಡಿ, ಅರ್ಮೇನಿಯನ್ನರು, ಅಜೆರಿಗಳು, ತುರ್ಕರು ಮೂರೂ ಜನ ನಮ್ಮದು ಅಂತಾರೆ, ಸಂಜೆ ಹಾಳಾಗುತ್ತೆ.

ಸದ್ಯಕ್ಕೆ ನನ್ನ ಪಟ್ಟಿ ಮೇಲಿಂದ ಹೀಗಿದೆ: ಪನೋಸಿಯಾನ್, ಲುಸಿನೆ ಜಕಾರ್ಯಾನ್, ಹಾಖ್‌ವೆರ್ದ್ಯಾನ್, ಬದಾಲ್ಯಾನ್, ಆಮೇಲೆ ಲಾದಾನಿವಾ. ಅರಾಮ್ ತಿಗ್ರಾನ್ ಅವರನ್ನ ಎಲ್ಲಿಡೋದು ಅಂತ ಇನ್ನೂ ಗೊತ್ತಾಗಿಲ್ಲ, ಕುರ್ದಿಷ್ ಸಾಹಿತ್ಯದ ಅನುವಾದ ಒಂದಷ್ಟು ಕೂಡಿಟ್ಕೊಂಡಿದೀನಿ, ಈ ವಾರ ಕೂರ್ಬೇಕು.